ಬೇರೆಯಾಗುವ ಹಕ್ಕು ಮತ್ತು ಅದರ ಬೆಲೆ

ಒಂದು ದೇಶವು ತನ್ನ ಮನೆಯ ಯಜಮಾನಿಕೆ ತನ್ನ ಕೈಯಲ್ಲೇ ಇರಬೇಕೆಂದು ಬಯಸಿ, ಅದಕ್ಕಾಗಿ ಒಂದು ತುತ್ತು ಕಡಿಮೆ ಉಣ್ಣಲೂ ಸಿದ್ಧವಾದರೆ ಅದು ತಪ್ಪೇ? ತಪ್ಪಲ್ಲವೆಂದು ನಮ್ಮಲ್ಲಿ ಹೆಚ್ಚಿನವರು ಥಟ್ಟನೆ ಹೇಳಿಯಾರು. ಲಾಭನಷ್ಟದ ಪಟ್ಟಿ ಬರೆದು, ಕೂಡಿಸಿ ಕಳೆದು, ಆಮೇಲೆ ಸ್ವರಾಜ್ಯ ಕೇಳಿದವರಲ್ಲ ನಮ್ಮ ಹಿರಿಯರು. ಮಾನಕ್ಕೆ ಬೆಲೆ ಕಟ್ಟಲಾಗದು ಎಂಬುದು ನಮಗೆ ಹೊಸ ಮಾತೇನೂ ಅಲ್ಲ. ಆದರೆ ಅದೇ ಪ್ರಶ್ನೆಯನ್ನು ತುಸು ತಿರುಗಿಸಿ ಕೇಳೋಣ. ಮಾನದ ಮಾತಾಡುವವನು ಒಬ್ಬ, ತುತ್ತು ಕಡಿಮೆಯಾಗುವುದು ಇನ್ನೊಬ್ಬನ ತಟ್ಟೆಯಲ್ಲಿ ಎಂದಾದರೆ? ಆಗ ಉತ್ತರ ಅಷ್ಟು ಥಟ್ಟನೆ ಬಾರದು.

ಬ್ರಿಟನ್ನು ಐರೋಪ್ಯ ಒಕ್ಕೂಟವನ್ನು ಬಿಟ್ಟ ಸಂಗತಿ ಈ ಪ್ರಶ್ನೆಯನ್ನು ಒರೆಗೆ ಹಚ್ಚಲು ತಕ್ಕ ಉದಾಹರಣೆ. ೧೯೭೩ರ ಜನವರಿ ೧ರಂದು ಬ್ರಿಟನ್ನು ಐರೋಪ್ಯ ಸಾಮಾನ್ಯ ಮಾರುಕಟ್ಟೆಯನ್ನು ಸೇರಿತು. ೧೯೭೫ರಲ್ಲಿ ಜನರ ಅಭಿಪ್ರಾಯ ಕೇಳಿದಾಗ ಮೂರರಲ್ಲಿ ಎರಡು ಪಾಲು ಜನ ‘ಒಳಗೇ ಇರೋಣ’ ಎಂದರು. ನಾಲ್ವತ್ತೊಂದು ವರ್ಷಗಳ ಮೇಲೆ, ೨೦೧೬ರ ಜೂನ್ ೨೩ರಂದು, ಮತ್ತೆ ಕೇಳಿದಾಗ ಶೇಕಡಾ ೫೧.೯ ಮಂದಿ ‘ಹೊರಡೋಣ’ ಎಂದರು, ೪೮.೧ ಮಂದಿ ‘ಇರೋಣ’ ಎಂದರು. ೨೦೨೦ರ ಜನವರಿ ೩೧ರಂದು ಬ್ರಿಟನ್ನು ವಿಧ್ಯುಕ್ತವಾಗಿ ಹೊರಬಂತು. ಹಳೆಯ ವ್ಯವಹಾರ ಇನ್ನೂ ಹನ್ನೊಂದು ತಿಂಗಳು ನಡೆದು, ಆ ವರ್ಷದ ಡಿಸೆಂಬರ್ ೩೧ರಂದು ಮುಗಿಯಿತು.

ವಾಣಿಜ್ಯ ಒಕ್ಕೂಟವೆಂದರೆ ಏನೆಂದು ತಿಳಿಯಲು ನಾವು ಯುರೋಪಿಗೆ ಹೋಗಬೇಕಾಗಿಲ್ಲ. ನಮ್ಮ ಸಂವಿಧಾನದ ೩೦೧ನೆಯ ಅನುಚ್ಛೇದ ಇಡೀ ಭಾರತದಲ್ಲಿ ವ್ಯಾಪಾರ ವಹಿವಾಟು ಮುಕ್ತವಾಗಿರಬೇಕೆನ್ನುತ್ತದೆ. ಹೀಗಿದ್ದೂ, ೨೦೧೭ರ ಜುಲೈ ೧ಕ್ಕೆ ಮುಂಚೆ ಬೆಂಗಳೂರಿನಿಂದ ಮುಂಬಯಿಗೆ ಬರುವ ಲಾರಿ ರಾಜ್ಯದ ಗಡಿಯ ತನಿಖಾ ಠಾಣೆಯಲ್ಲಿ ನಿಲ್ಲುತ್ತಿತ್ತು, ಊರು ಹೊಗುವಾಗ ಜಕಾತಿ ನಾಕೆಯಲ್ಲಿ ಮತ್ತೊಮ್ಮೆ ನಿಲ್ಲುತ್ತಿತ್ತು. ಸರಕು ಮತ್ತು ಸೇವಾ ತೆರಿಗೆ ಬಂದಮೇಲೆ ಆ ಠಾಣೆಗಳೂ ಜಕಾತಿಯೂ ಹೋದವು. ಐರೋಪ್ಯರು ಇಪ್ಪತ್ತೆಂಟು ಸ್ವತಂತ್ರ ರಾಷ್ಟ್ರಗಳ ನಡುವೆ ಇಂಥ ಏಕೈಕ ಮಾರುಕಟ್ಟೆಯನ್ನು ಕಟ್ಟಿದ್ದರು. ಸರಕು, ಸೇವೆ, ಬಂಡವಾಳ, ದುಡಿಯುವ ಮನುಷ್ಯ, ಈ ನಾಲ್ಕಕ್ಕೂ ಗಡಿಯಲ್ಲಿ ತಡೆಯಿಲ್ಲ ಎಂಬುದೇ ಅದರ ಮೂಲಸೂತ್ರ. ನಾವು ಠಾಣೆಗಳನ್ನು ಕಿತ್ತ ಮೂರೂವರೆ ವರ್ಷಕ್ಕೆ ಬ್ರಿಟನ್ನು ತನ್ನ ಮತ್ತು ಯುರೋಪಿನ ನಡುವೆ ಅವನ್ನು ಹೊಸದಾಗಿ ನೆಟ್ಟಿತು.

ಹೊರಬರುವಾಗ ಮಾಡಿಕೊಂಡ ಒಪ್ಪಂದದಂತೆ ಎರಡೂ ಕಡೆ ಆಮದು ಸುಂಕ ಸೊನ್ನೆಯೇ ಉಳಿಯಿತು. ಹಾಗಾದರೆ ತೊಂದರೆಯೇನು ಎಂದು ಕೇಳಬಹುದು. ತೊಂದರೆಯಿರುವುದು ಕಾಗದದಲ್ಲಿ. ನಾನು ಕೇಂದ್ರ ಸರಕಾರದ ಒಬ್ಬ ಗುಮಾಸ್ತ. ಒಂದು ನಮೂನೆ ಎಂದರೆ ಎಷ್ಟು ಹೊತ್ತು, ಎಷ್ಟು ಸಹಿ, ಎಷ್ಟು ಸಲ ಹಿಂದಿರುಗಿ ಬರುವ ಕಡತ ಎಂಬುದು ನನಗೆ ಬೇರೆಯವರು ಹೇಳಬೇಕಾಗಿಲ್ಲ. ಸುಂಕ ಸೊನ್ನೆಯಾಗಬೇಕಾದರೆ ವಸ್ತು ನಿಜಕ್ಕೂ ಬ್ರಿಟನ್ನಿನಲ್ಲೇ ಆದದ್ದೆಂದು ರುಜುವಾತು ಬೇಕು. ಒಳಗಿನ ಬಿಡಿಭಾಗಗಳು ಬಹುಪಾಲು ಹೊರನಾಡಿನವಾದರೆ ರಿಯಾಯಿತಿಯಿಲ್ಲ. ಮಾಂಸಕ್ಕೆ, ಮೀನಿಗೆ, ಚೀಸಿಗೆ ಆರೋಗ್ಯ ಪ್ರಮಾಣಪತ್ರ ಬೇಕು, ಅದಕ್ಕೆ ಅಧಿಕೃತ ಪರೀಕ್ಷಕರ ಸಹಿ ಬೇಕು. ಗಿಡಕ್ಕೆ, ಬೀಜಕ್ಕೆ ಬೇರೊಂದು ಪತ್ರ.

ದೊಡ್ಡ ಕಂಪನಿಗೆ ಇದು ಕಷ್ಟವಲ್ಲ. ಅದು ಹತ್ತು ಗುಮಾಸ್ತರನ್ನು ಹೆಚ್ಚಿಗೆ ಇಟ್ಟುಕೊಂಡೀತು. ತನ್ನ ಹಟ್ಟಿಯ ಹಾಲಿನಿಂದ ಚೀಸು ಮಾಡಿ ಫ್ರಾನ್ಸಿಗೆ ವಾರಕ್ಕೆ ನಾಲ್ಕು ಪೆಟ್ಟಿಗೆ ಕಳಿಸುವ ಕುಟುಂಬವೊಂದು ಏನು ಮಾಡಬೇಕು? ಪೆಟ್ಟಿಗೆ ನಾಲ್ಕಾದರೂ ನಾನೂರಾದರೂ ಪ್ರಮಾಣಪತ್ರದ ಖರ್ಚು ಹೆಚ್ಚುಕಡಿಮೆ ಒಂದೇ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧಕರು ೨೦೨೪ರಲ್ಲಿ ಲೆಕ್ಕ ಹಾಕಿ, ಹದಿನಾರು ಸಾವಿರಕ್ಕೂ ಹೆಚ್ಚು ಸಂಸ್ಥೆಗಳು ಒಕ್ಕೂಟದ ದೇಶಗಳಿಗೆ ಸರಕು ಕಳಿಸುವುದನ್ನೇ ನಿಲ್ಲಿಸಿದವೆಂದು ಕಂಡುಕೊಂಡರು. ಪೆಟ್ಟು ಬಿದ್ದದ್ದು ಬಹುಮಟ್ಟಿಗೆ ಸಣ್ಣವರ ಮೇಲೆ. ದೊಡ್ಡವರು ಅಷ್ಟಾಗಿ ಕುಗ್ಗಲಿಲ್ಲ. ಒಟ್ಟು ರಫ್ತಿನ ಅಂಕಿಯೊಂದನ್ನೇ ನೋಡುವವರಿಗೆ ಈ ಸಣ್ಣವರು ಕಾಣುವುದೇ ಇಲ್ಲ.

ಕಾಗದ ಹೆಚ್ಚಿದರೆ ಕಾಗದ ತುಂಬುವವರ ಕೆಲಸ ಹೆಚ್ಚುತ್ತದೆ. ಸುಂಕದ ಕಾಗದಪತ್ರ ನೋಡಿಕೊಳ್ಳಲು ಸುಮಾರು ಐವತ್ತು ಸಾವಿರ ಮಂದಿ ಹೊಸದಾಗಿ ಬೇಕಾದಾರು ಎಂಬ ಮಾತು ೨೦೨೦ರಲ್ಲಿ ಬ್ರಿಟನ್ನಿನಲ್ಲಿ ಕೇಳಿಬಂದಿತ್ತು. ಇದನ್ನೂ ‘ಉದ್ಯೋಗ ಸೃಷ್ಟಿ’ ಎಂದು ಕರೆಯಬಹುದು. ಆದರೆ ಚೀಸು ಮಾಡುವವನ ಕೆಲಸ ಹೋಗಿ ಚೀಸಿನ ಪತ್ರ ಬರೆಯುವವನ ಕೆಲಸ ಹುಟ್ಟಿದರೆ ದೇಶಕ್ಕೆ ಲಾಭವೆಷ್ಟು? ನನ್ನ ವೃತ್ತಿಬಾಂಧವರ ಮೇಲೆ ನನಗೆ ಗೌರವವಿದೆ. ಆದರೂ ಇದು ಲಾಭವೆಂದು ಹೇಳಲು ನಾಲಿಗೆ ಏಳದು.

ಇನ್ನು ಮೀನುಗಾರರ ಕತೆ. ‘ನಮ್ಮ ಕಡಲು ನಮಗೆ’ ಎಂಬ ಭಾವನೆ ಬಂದರುಗಳಲ್ಲಿ ಬಲವಾಗಿತ್ತು. ಗ್ರಿಮ್ಸ್‌ಬಿ ಎಂಬ ಹಳೆಯ ಮೀನುಗಾರಿಕೆ ಪಟ್ಟಣದ ಪ್ರದೇಶದಲ್ಲಿ ಶೇಕಡಾ ಎಪ್ಪತ್ತರ ಸಮೀಪ ಜನ ಹೊರಡುವುದರ ಪರ ಮತ ಹಾಕಿದರು. ಆದರೆ ಹಿಡಿದ ಮೀನನ್ನು ಕೊಳ್ಳುವವರು ಯಾರು? ಬ್ರಿಟಿಷ್ ದೋಣಿಗಳು ಹಿಡಿದದ್ದರಲ್ಲಿ ಬಹುಪಾಲು ಹೊರದೇಶಕ್ಕೆ, ಅದರಲ್ಲೂ ಹೆಚ್ಚಾಗಿ ಯುರೋಪಿಗೇ ಹೋಗುತ್ತಿತ್ತು. ೨೦೨೧ರ ಆರಂಭದಲ್ಲಿ, ಶುದ್ಧೀಕರಿಸದ ಜೀವಂತ ಚಿಪ್ಪುಮೀನನ್ನು ಬ್ರಿಟನ್ನಿನ ಹೆಚ್ಚಿನ ಕರಾವಳಿಯಿಂದ ಒಕ್ಕೂಟಕ್ಕೆ ತರುವಂತಿಲ್ಲವೆಂದು ಗೊತ್ತಾಯಿತು. ಹೊರಗಿನ ದೇಶಗಳಿಗೆಲ್ಲ ಮೊದಲಿನಿಂದ ಇದ್ದ ನಿಯಮವೇ ಅದು. ಈಗ ಬ್ರಿಟನ್ನೂ ಹೊರಗಿನ ದೇಶವಾಗಿತ್ತು, ಅಷ್ಟೆ. ಐರೋಪ್ಯ ದೋಣಿಗಳ ಪಾಲಿನಲ್ಲಿ ನಾಲ್ಕನೆಯ ಒಂದಂಶ ಹಂತಹಂತವಾಗಿ ಬ್ರಿಟನ್ನಿಗೆ ಬರುವುದೆಂದು ಒಪ್ಪಂದವಾಗಿತ್ತಾದರೂ, ೨೦೨೫ರ ಮೇ ೧೯ರಂದು ಹೊಸ ಮಾತುಕತೆಯಲ್ಲಿ ಆ ದೋಣಿಗಳಿಗೆ ಬ್ರಿಟನ್ನಿನ ನೀರಿನಲ್ಲಿ ಮತ್ತೆ ಹನ್ನೆರಡು ವರ್ಷಗಳ ಅವಕಾಶ ದೊರೆಯಿತು. ಮೀನುಗಾರನ ಹೆಸರಿನಲ್ಲಿ ಭಾಷಣ ನಡೆಯಿತು. ಚೌಕಾಸಿಯ ವೇಳೆಗೆ ಅವನೇ ಚಿಲ್ಲರೆಯಾದ.

ಇಷ್ಟು ಹೇಳಿದಮೇಲೆ ಇನ್ನೊಂದು ಪಕ್ಷವನ್ನೂ ಹೇಳದಿದ್ದರೆ ನ್ಯಾಯವಾಗದು. ೨೦೧೬ರ ಮೇ ತಿಂಗಳಲ್ಲಿ ಬ್ರಿಟಿಷ್ ಹಣಕಾಸು ಇಲಾಖೆಯು, ‘ಹೊರಡೋಣ’ ಎಂದು ಮತ ಬಿದ್ದರೆ ಸಾಕು, ಎರಡೇ ವರ್ಷದಲ್ಲಿ ಸುಮಾರು ಐದು ಲಕ್ಷ ಉದ್ಯೋಗಗಳು ಹೋದಾವೆಂದು ಎಚ್ಚರಿಸಿತ್ತು. ಹಾಗೇನೂ ಆಗಲಿಲ್ಲ. ನಿರುದ್ಯೋಗ ಇಳಿಯುತ್ತ ಹೋಗಿ ೨೦೧೯ರಲ್ಲಿ ಶೇಕಡಾ ನಾಲ್ಕಕ್ಕಿಂತ ಕೆಳಗೆ ಬಂತು. ಪೂರ್ವ ಯುರೋಪಿನ ಚಾಲಕರು ಊರಿಗೆ ಮರಳಿ ೨೦೨೧ರಲ್ಲಿ ಲಾರಿ ನಡೆಸುವವರ ಅಭಾವವಾದಾಗ, ಉಳಿದ ಚಾಲಕರ ಕೂಲಿ ಏರಿತು. ಅಂಗಡಿಗಳ ಅಟ್ಟಣಿಗೆ ಬರಿದಾದದ್ದನ್ನು ಕಂಡು ಗೊಣಗಿದವರು ಈ ಏರಿದ ಕೂಲಿಯನ್ನೂ ಕಾಣಬೇಕು.

ಹಾಗಾದರೆ ನಷ್ಟವೇ ಆಗಲಿಲ್ಲವೇ? ಆಯಿತು, ಆದರೆ ಸಿಡಿಲಿನಂತೆ ಅಲ್ಲ, ಗೆದ್ದಲಿನಂತೆ. ಮುಚ್ಚಿದ ಕಾರಖಾನೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಕಟ್ಟದೇ ಹೋದ ಕಾರಖಾನೆಯ ಸುದ್ದಿಯನ್ನು ಯಾರು ಬರೆಯುತ್ತಾರೆ? ನಾಳೆ ನಿಯಮ ಏನಾದೀತೋ ಎಂದು ಬಂಡವಾಳ ಹೂಡುವವನು ಕೈತಡೆಯುತ್ತಾನೆ. ಹಳೆಯ ಯಂತ್ರವೇ ಇನ್ನೈದು ವರ್ಷ ಓಡುತ್ತದೆ. ಅದರ ಮುಂದೆ ನಿಂತವನ ಸಂಬಳವೂ ನಿಂತಲ್ಲೇ ನಿಲ್ಲುತ್ತದೆ. ಬ್ರಿಟನ್ನಿನ ಆಯವ್ಯಯ ಹೊಣೆಗಾರಿಕೆ ಕಚೇರಿಯ ಅಂದಾಜಿನಂತೆ, ಒಳಗೇ ಉಳಿದಿದ್ದರೆ ಇರಬಹುದಾಗಿದ್ದ ಉತ್ಪಾದಕತೆಗಿಂತ ಕಾಲಾಂತರದಲ್ಲಿ ಶೇಕಡಾ ೪ರಷ್ಟು ಕಡಿಮೆಯಾಗುತ್ತದೆ. ಇದು ಅಂದಾಜೇ ಹೊರತು ಅಳತೆಯಲ್ಲ. ಬಿ.ಎಸ್‌ಸಿ. ತರಗತಿಯಲ್ಲಿ ನಮಗೆ ಕಲಿಸಿದ ಮೊದಲ ಪಾಠ, ಒಂದೇ ಕೊಳವೆಗೆ ಎರಡು ದ್ರಾವಣ ಒಟ್ಟಿಗೆ ಸುರಿದರೆ ಬಣ್ಣ ಬದಲಾದದ್ದು ಯಾವುದರಿಂದ ಎಂದು ಹೇಳಲಾಗದು ಎಂಬುದು. ಬ್ರಿಟನ್ನಿನ ಕೊಳವೆಗೆ ಬ್ರೆಕ್ಸಿಟ್ ಬಿದ್ದ ವರ್ಷವೇ ಕೋವಿಡ್ ಕೂಡ ಬಿತ್ತು. ೨೦೨೨ರಲ್ಲಿ ಉಕ್ರೇನ್ ಯುದ್ಧ ಬಂತು.

ಮೋಟಾರು ಉದ್ಯಮವನ್ನೇ ನೋಡಿ. ೨೦೧೬ರಲ್ಲಿ ಬ್ರಿಟನ್ನಿನಲ್ಲಿ ಹದಿನೇಳು ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು; ೨೦೨೨ರಲ್ಲಿ ಎಂಟು ಲಕ್ಷವೂ ಆಗಲಿಲ್ಲ. ಸ್ವಿಂಡನ್ ಪಟ್ಟಣದ ಹೋಂಡಾ ಕಾರಖಾನೆ ೨೦೨೧ರ ಜುಲೈನಲ್ಲಿ ಮುಚ್ಚಿತು. ಅದನ್ನು ೨೦೧೯ರಲ್ಲಿ ಪ್ರಕಟಿಸಿದಾಗ ಅಪಾಯಕ್ಕೆ ಸಿಕ್ಕಿದ್ದು ಸುಮಾರು ೩,೫೦೦ ಉದ್ಯೋಗಗಳು. ಇದಕ್ಕೆ ಬ್ರೆಕ್ಸಿಟ್ ಕಾರಣವಲ್ಲವೆಂದು ಕಂಪನಿಯೇ ಹೇಳಿತು. ವಿದ್ಯುತ್ ಕಾರಿನ ಯುಗ ಬರುತ್ತಿತ್ತು; ಜಪಾನಿನಿಂದ ಯುರೋಪಿಗೆ ಹೋಗುವ ಕಾರಿನ ಸುಂಕವೂ ಒಪ್ಪಂದದಂತೆ ಇಳಿಯತೊಡಗಿತ್ತು. ಕಾರುಗಳ ಬಿಡಿಭಾಗದ ಅಭಾವ ಜಗತ್ತಿಗೆಲ್ಲ ಇತ್ತು. ಆದರೆ ಸಂಡರ್‌ಲೆಂಡಿನ ನಿಸಾನ್ ಕಾರಖಾನೆ ಮುಚ್ಚಲಿಲ್ಲ; ಸುಂಕವಿಲ್ಲದ ಒಪ್ಪಂದ ಕೈಗೂಡಿದ ಮೇಲೆ ಅಲ್ಲಿ ೨೦೨೧ರಲ್ಲಿ ಬ್ಯಾಟರಿ ಕಾರಖಾನೆಯ ಯೋಜನೆಯೂ ಬಂತು. ಆದ್ದರಿಂದ ಎಲ್ಲ ನಷ್ಟವನ್ನೂ ಬ್ರೆಕ್ಸಿಟ್ಟಿನ ಖಾತೆಗೆ ಬರೆಯುವುದು ಎಷ್ಟು ತಪ್ಪೋ, ಯಾವುದನ್ನೂ ಬರೆಯದಿರುವುದೂ ಅಷ್ಟೇ ತಪ್ಪು.

ಇಲ್ಲಿಗೆ ಅರ್ಥಶಾಸ್ತ್ರದ ಮಾತು ಸಾಕು. ನನ್ನನ್ನು ಕಾಡುವ ಪ್ರಶ್ನೆ ಬೇರೆ. ನಷ್ಟವಾದೀತೆಂದು ಅಷ್ಟು ಜನ ಹೇಳಿದರೂ, ನಷ್ಟಕ್ಕೆ ಗುರಿಯಾಗುವವರೇ ಏಕೆ ‘ಹೊರಡೋಣ’ ಎಂದರು?

ವೇಲ್ಸ್ ಪ್ರಾಂತದ ಎಬೂವೇಲ್ ಎಂಬ ಕಣಿವೆಯ ಊರು ಉಕ್ಕಿನಿಂದ ಬದುಕಿತ್ತು. ಅಲ್ಲಿಯ ಉಕ್ಕಿನ ಕಾರಖಾನೆ ೨೦೦೨ರಲ್ಲಿ ಮುಚ್ಚಿತು. ಆಗ ಬ್ರಿಟನ್ನು ಒಕ್ಕೂಟದ ಒಳಗೇ ಇತ್ತು. ಆಮೇಲೆ ಒಕ್ಕೂಟದ ಹಣ ಧಾರಾಳವಾಗಿ ಬಂತು. ರಸ್ತೆಯಾಯಿತು, ರೈಲು ಮಾರ್ಗವಾಯಿತು, ಕಾಲೇಜಾಯಿತು. ಆದರೂ ಆ ಜಿಲ್ಲೆಯಲ್ಲಿ ಶೇಕಡಾ ೬೨ ಮಂದಿ ಹೊರಡುವುದರ ಪರ ಮತ ಹಾಕಿದರು. ಕೃತಘ್ನರೆಂದು ಲಂಡನ್ನಿನಲ್ಲಿ ಕೆಲವರು ಆಶ್ಚರ್ಯಪಟ್ಟರು. ಅನುದಾನ ಬೇರೆ, ದುಡಿಮೆ ಬೇರೆ ಎಂದು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಕುಲುಮೆಯ ಮುಂದೆ ನಿಂತು ಮನೆ ನಡೆಸಿದವನಿಗೆ, ಕುಲುಮೆ ಆರಿದಮೇಲೆ ಒಳ್ಳೆಯ ರಸ್ತೆ ಹಾಕಿಕೊಟ್ಟರೆ, ಆ ರಸ್ತೆ ಅವನ ಮಗ ಊರು ಬಿಡಲಷ್ಟೇ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಊರು, ಲಿಂಕನ್‌ಷೈರಿನ ಬಾಸ್ಟನ್. ಸುತ್ತಲೂ ತರಕಾರಿ ಹೊಲಗಳು. ೨೦೦೪ರ ಮೇ ೧ರಂದು ಪೂರ್ವ ಯುರೋಪಿನ ಎಂಟು ದೇಶಗಳು ಒಕ್ಕೂಟ ಸೇರಿದಾಗ ಬ್ರಿಟನ್ನು, ಐರ್ಲೆಂಡ್, ಸ್ವೀಡನ್ ಮಾತ್ರ ಅಲ್ಲಿಯ ಕೆಲಸಗಾರರಿಗೆ ತಕ್ಷಣ ಬಾಗಿಲು ತೆರೆದವು. ವರ್ಷಕ್ಕೆ ಐದರಿಂದ ಹದಿಮೂರು ಸಾವಿರ ಜನ ಬಂದಾರೆಂದು ಸರಕಾರಕ್ಕೆ ಒಪ್ಪಿಸಿದ ವರದಿ ಹೇಳಿತ್ತು. ಬಂದವರು ಅದರ ಎಷ್ಟೋ ಪಟ್ಟು. ಅವರ ದುಡಿಮೆಯಿಂದ ದೇಶಕ್ಕೆ ಲಾಭವಾಯಿತು, ಅಂಗಡಿಯಲ್ಲಿ ತರಕಾರಿ ಅಗ್ಗವಾಗಿ ಉಳಿಯಿತು. ಆದರೆ ಬಾಸ್ಟನ್ನಿನ ಶಾಲೆಗೆ, ಆಸ್ಪತ್ರೆಗೆ, ಬಾಡಿಗೆ ಮನೆಗೆ ಬಿದ್ದ ಒತ್ತಡವನ್ನು ಹೊರಲು ಆ ಲಾಭದಿಂದ ತಕ್ಕ ಪಾಲು ಬರಲಿಲ್ಲ. ೨೦೧೬ರಲ್ಲಿ ಅಲ್ಲಿ ಶೇಕಡಾ ೭೫.೬ ಮತ ಹೊರಡುವುದರ ಪರ ಬಿತ್ತು. ದೇಶದಲ್ಲೇ ಅದು ಅತಿ ಹೆಚ್ಚು.

೧೯೩೯ರಲ್ಲಿ ನಿಕೊಲಸ್ ಕಾಲ್ಡರ್, ಜಾನ್ ಹಿಕ್ಸ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಒಂದು ಅಳತೆಗೋಲನ್ನು ಮುಂದಿಟ್ಟರು. ಒಂದು ಬದಲಾವಣೆಯಿಂದ ಗೆದ್ದವರು ಸೋತವರ ನಷ್ಟ ತುಂಬಿಕೊಟ್ಟ ಮೇಲೂ ಅವರ ಕೈಯಲ್ಲಿ ಏನಾದರೂ ಉಳಿಯುವಂತಿದ್ದರೆ ಆ ಬದಲಾವಣೆ ಒಳ್ಳೆಯದು ಎಂಬುದು ಅದರ ತಾತ್ಪರ್ಯ. ಕೇಳಲು ಚೆನ್ನಾಗಿದೆ. ಆದರೆ ನಿಜಕ್ಕೂ ತುಂಬಿಕೊಡಬೇಕೆಂದು ಅದು ಹೇಳುವುದಿಲ್ಲ; ತುಂಬಿಕೊಡಲು ಸಾಧ್ಯವಿದ್ದರೆ ಸಾಕು. ‘ನಿನ್ನ ಸಾಲ ತೀರಿಸುವ ಶಕ್ತಿ ನನಗಿದೆ’ ಎಂದು ಹೇಳಿ ಸಾಲಗಾರ ಎದ್ದು ಹೋದರೆ ಸಾಲ ತೀರುತ್ತದೆಯೇ? ಒಕ್ಕೂಟದ ಒಳಗಿದ್ದ ನಾಲ್ವತ್ತೇಳು ವರ್ಷ ಗೆದ್ದವರು ಹೀಗೆಯೇ ನಡೆದುಕೊಂಡರು. ಲಂಡನ್ನು ಬೆಳೆಯಿತು, ಎಬೂವೇಲ್ ಒಣಗಿತು, ಸರಾಸರಿ ಮಾತ್ರ ಏರುತ್ತಲೇ ಇತ್ತು. ಸರಾಸರಿಯಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ.

ಹೊರಬಂದಾಗಲೂ ನಡೆದದ್ದು ಅದೇ. ಹೊರಡೋಣ ಎಂದವರು, ವಾರಕ್ಕೆ ಮೂವತ್ತೈದು ಕೋಟಿ ಪೌಂಡು ಉಳಿದೀತೆಂದು ಬಸ್ಸಿನ ಮೇಲೆ ಬರೆಸಿ ಊರೂರು ತಿರುಗಿದರು. ಆ ಹಣದಲ್ಲಿ ದೊಡ್ಡ ಭಾಗ ಬ್ರಿಟನ್ನಿಗೇ ರಿಯಾಯಿತಿಯಾಗಿ ಉಳಿಯುತ್ತಿತ್ತೆಂಬುದನ್ನು ಬರೆಯಲಿಲ್ಲ; ದೇಶದ ಅಂಕಿಅಂಶ ಪ್ರಾಧಿಕಾರವೇ ಇದು ದಾರಿ ತಪ್ಪಿಸುವ ಲೆಕ್ಕವೆಂದಿತು. ‘ಯಜಮಾನಿಕೆ ನಮ್ಮದಾಗಬೇಕು, ಅದಕ್ಕೆ ಇಷ್ಟು ಬೆಲೆಯಾದೀತು, ತೆರೋಣವೇ?’ ಎಂದು ಅವರು ಕೇಳಿದ್ದರೆ ಅದು ಪ್ರಾಮಾಣಿಕ ಪ್ರಶ್ನೆಯಾಗುತ್ತಿತ್ತು. ಬೆಲೆಯೇ ಇಲ್ಲ, ಬರಿಯ ಲಾಭವೆಂದರು. ಇರೋಣ ಎಂದವರು ಮಾನದ ಮಾತನ್ನು ಕಿವಿಗೇ ಹಾಕಿಕೊಳ್ಳದೆ ಭಯದ ಅಂಕಿಗಳನ್ನು ಹರಡಿದರು. ಒಬ್ಬರು ಬೆಲೆಯನ್ನು ಮುಚ್ಚಿಟ್ಟರು, ಇನ್ನೊಬ್ಬರು ಮಾನವನ್ನು ಹಗುರವಾಗಿ ಕಂಡರು.

ನಮ್ಮ ಕಡೆ ಒಟ್ಟು ಕುಟುಂಬ ಪಾಲಾಗುವಾಗ, ತಿಳಿದ ಪಂಚರಾದರೆ, ಹೊಲ ಅಳೆಯುವ ಮುಂಚೆ ಒಂದು ಮಾತು ಕೇಳುತ್ತಾರೆ: ಮನೆಯಲ್ಲಿ ವಯಸ್ಸಿಗೆ ಬಾರದ ಮಕ್ಕಳು ಎಷ್ಟು, ಗಂಡನಿಲ್ಲದ ಹೆಂಗಸರು ಯಾರು, ದುಡಿಯಲಾರದ ಮುದುಕರು ಯಾರ ಪಾಲಿಗೆ? ಪಾಲಾಗುವುದು ತಪ್ಪೆಂದು ಅವರು ಹೇಳುವುದಿಲ್ಲ. ಕೂಡಿರಲಾರದವರನ್ನು ಕಟ್ಟಿಹಾಕುವುದರಲ್ಲಿ ಪುಣ್ಯವೇನೂ ಇಲ್ಲ. ಆದರೆ ಬಾಯಿಲ್ಲದವರ ಪಾಲನ್ನು ಮೊದಲು ತೆಗೆದಿಟ್ಟ ಮೇಲೆಯೇ ಬಾಯಿದ್ದವರ ಜಗಳ ತೀರ್ಮಾನವಾಗಬೇಕು ಎನ್ನುತ್ತಾರೆ. ಬ್ರಿಟನ್ನಿನ ಪಾಲಿನಲ್ಲಿ ಬಾಯಿಲ್ಲದವರು ಯಾರು? ಅಲ್ಲಿ ನೆಲೆಸಿ ದುಡಿಯುತ್ತಿದ್ದ ಸುಮಾರು ಮೂವತ್ತು ಲಕ್ಷ ಐರೋಪ್ಯರು. ಅವರಲ್ಲಿ ಹೆಚ್ಚಿನವರಿಗೆ ಮತವಿರಲಿಲ್ಲ. ಹದಿನಾರು ಹದಿನೇಳರ ಹುಡುಗರು. ಅವರಿಗೂ ಮತ ಕೊಡೋಣವೆಂಬ ಸಲಹೆ ತಿರಸ್ಕೃತವಾಯಿತು, ಆದರೆ ಈ ನಿರ್ಧಾರದೊಡನೆ ಎಲ್ಲರಿಗಿಂತ ಹೆಚ್ಚು ಕಾಲ ಬದುಕಬೇಕಾದವರು ಅವರೇ. ಉತ್ತರ ಐರ್ಲೆಂಡಿನವರಿಗೆ ಮತವಿತ್ತು, ಬಲವಿರಲಿಲ್ಲ. ಅವರಲ್ಲಿ ಹೆಚ್ಚಿನವರು ಇರೋಣವೆಂದರೂ, ಗಡಿ ಎಲ್ಲಿ ಬೀಳಬೇಕೆಂಬ ಜಗಳ ಅವರ ಅಂಗಳದಲ್ಲೇ ನಡೆಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆಯನ್ನು ಸಮುದ್ರದಾಚೆ ನೋಡಬೇಕಾದರೆ ಇಲ್ಲಿ ನೋಡಬಹುದು.

ಪ್ರಜಾಪ್ರಭುತ್ವದಲ್ಲಿ ಬಹುಮತವೇ ತೀರ್ಪು, ಎಲ್ಲರನ್ನೂ ಕೇಳುತ್ತ ಕೂತರೆ ಯಾವ ಕೆಲಸವೂ ಆಗದು ಎಂದು ಕೆಲವರು ಹೇಳಿಯಾರು. ಒಪ್ಪತಕ್ಕ ಮಾತೇ. ಬಹುಮತಕ್ಕೆ ನಿರ್ಧರಿಸುವ ಹಕ್ಕಿದೆ. ಆದರೆ ನಿರ್ಧಾರದ ಹಕ್ಕು ದೊರೆತೊಡನೆ ಅದರ ಬಿಲ್ಲನ್ನು ಪಕ್ಕದವನ ಎಲೆಯ ಬದಿಗೆ ಸರಿಸುವ ಹಕ್ಕೂ ದೊರೆಯುವುದಿಲ್ಲ. ಹೊರಬರುವುದು ದೇಶದ ಇಚ್ಛೆಯೆಂದಾದರೆ, ಮೀನುಗಾರನ ನಷ್ಟ, ಚೀಸಿನವನ ನಷ್ಟ, ಸ್ವಿಂಡನ್ನಿನವನ ಅನಿಶ್ಚಯ ಇವೆಲ್ಲ ದೇಶದ ಸಾಲವೇ. ಅದನ್ನು ಅವರವರ ಹಣೆಬರಹವೆಂದು ಬಿಡುವಂತಿಲ್ಲ.

ಇದೆಲ್ಲ ದೂರದ ಬಿಳಿಯರ ಕತೆ ಎಂದು ನಾವು ಪುಟ ಮಗುಚಬಹುದು. ಆದರೆ ಹೊರನಾಡ ಕನ್ನಡಿಗರಾದ ನಮ್ಮ ಅನ್ನವೇ ಇಂಥದೊಂದು ತೆರೆದ ಮಾರುಕಟ್ಟೆಯ ಅನ್ನ. ಉಡುಪಿಯಿಂದ, ಧಾರವಾಡದಿಂದ, ಮಂಡ್ಯದಿಂದ ಹೊರಟು ಮುಂಬಯಿ, ಪುಣೆ, ದಿಲ್ಲಿ ಸೇರಿದ ನಮ್ಮನ್ನು ಯಾವ ಗಡಿಯಲ್ಲೂ ನಿಲ್ಲಿಸಿ ರಹದಾರಿ ಕೇಳಲಿಲ್ಲ. ಹಾಗೆಂದು ನಮ್ಮಿಂದ ಯಾರಿಗೂ ಸಂಕಟವಾಗಲಿಲ್ಲವೆಂದು ಹೇಳಲಾದೀತೇ? ೧೯೬೦ರ ದಶಕದ ಮುಂಬಯಿಯಲ್ಲಿ ದಕ್ಷಿಣದವರು ನಮ್ಮ ಹುಡುಗರ ಕೆಲಸ ಕಿತ್ತುಕೊಂಡರೆಂಬ ಕೂಗು ಎದ್ದಾಗ ಅದರ ಬಿಸಿ ನಮ್ಮ ಹಿರಿಯರಿಗೆ ತಟ್ಟಿತ್ತು. ಅದು ಅನ್ಯಾಯವೆಂದು ನಾವಂದೆವು. ೨೦೨೪ರ ಜುಲೈನಲ್ಲಿ ಕರ್ನಾಟಕದ ಸಚಿವ ಸಂಪುಟ ಖಾಸಗಿ ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲು ಇಡುವ ಮಸೂದೆಗೆ ಒಪ್ಪಿಗೆ ಕೊಟ್ಟು, ವಿರೋಧ ಬಂದೊಡನೆ ತಡೆಹಿಡಿಯಿತು. ಮುಂಬಯಿಯಲ್ಲಿ ನೊಂದ ನಾವು ಬೆಂಗಳೂರಿನ ಮಸೂದೆಯನ್ನು ಮೆಚ್ಚಿದೆವೇ? ಮೆಚ್ಚಿದವರೂ ಇದ್ದಾರು. ಇದು ಬರಿಯ ಇಬ್ಬಗೆತನವಲ್ಲ. ಊರಲ್ಲಿ ಉಳಿದ ಹುಡುಗನ ಸಂಕಟವೂ ನಿಜ, ಊರು ಬಿಟ್ಟು ಬಂದವನ ಹಕ್ಕೂ ನಿಜ. ಒಂದನ್ನು ಕಂಡು ಇನ್ನೊಂದಕ್ಕೆ ಕಣ್ಣು ಮುಚ್ಚಿದಾಗಲೇ ಅನ್ಯಾಯ ಶುರುವಾಗುವುದು.

ಬಾಗಿಲು ಮುಚ್ಚಿದರೆ ಸಂಕಟ ತೀರುವುದೆಂಬ ನಂಬಿಕೆಯನ್ನೂ ಬ್ರಿಟನ್ನು ಪರೀಕ್ಷಿಸಿ ನೋಡಿತು. ಐರೋಪ್ಯರಿಗೆ ಬಾಗಿಲು ಮುಚ್ಚಿದಮೇಲೆ ಮುದುಕರ ಆರೈಕೆಗೆ ಕೈಗಳು ಸಾಲದೆ, ೨೦೨೨ರಲ್ಲಿ ಆರೈಕೆಯ ಕೆಲಸಗಾರರಿಗೆ ಜಗತ್ತಿನೆಲ್ಲೆಡೆಯಿಂದ ವೀಸಾ ಕೊಡತೊಡಗಿತು. ಭಾರತದಿಂದ, ನೈಜೀರಿಯದಿಂದ ಸಾವಿರಾರು ಜನ ಹೋದರು. ಹೊರಗಿನಿಂದ ಬಂದು ನೆಲೆಸುವವರ ಸಂಖ್ಯೆ ಹಿಂದೆಂದೂ ಇಲ್ಲದಷ್ಟು ಏರಿತು. ೨೦೨೫ರ ಜುಲೈನಲ್ಲಿ ಆ ಬಾಗಿಲನ್ನೂ ಮುಚ್ಚಿದರು. ಆದರೆ ಹಾಸಿಗೆ ಹಿಡಿದ ಮುದುಕನಿಗೆ ಗಂಜಿ ಕುಡಿಸುವವರು ಯಾರೆಂಬ ಪ್ರಶ್ನೆ ಬಾಗಿಲ ಒಳಗೇ ಉಳಿಯಿತು.

ಕೂಡಿರುವುದೇ ಪುಣ್ಯ, ಬೇರೆಯಾಗುವುದೇ ಪಾಪ ಎಂದು ನಾನು ಹೇಳಲಾರೆ. ಒಕ್ಕೂಟ ದೇವರಲ್ಲ, ಗಡಿ ದೆವ್ವವಲ್ಲ. ಆದರೆ ಒಕ್ಕೂಟ ಸೇರೋಣವೆಂದು ಯಾರಾದರೂ ಬಂದಾಗ, ಬರುವ ಲಾಭದಲ್ಲಿ ಎಬೂವೇಲಿನಂಥ ಊರಿಗೆ ಎಷ್ಟು ಎಂದು ಕೇಳಬೇಕು. ಒಕ್ಕೂಟ ಬಿಡೋಣವೆಂದು ಬಂದಾಗ, ಆಗುವ ನಷ್ಟದಲ್ಲಿ ನಿಮ್ಮ ಪಾಲು ಎಷ್ಟು ಎಂದು ಕೇಳಬೇಕು. ಈ ಎರಡು ಪ್ರಶ್ನೆಗಳಿಗೆ ಅಂಕಿಯಲ್ಲಿ, ಸಹಿ ಸಹಿತ ಉತ್ತರ ಕೊಡದವರು ಯಾವ ಧ್ವಜ ಹಿಡಿದು ಬಂದರೂ ಅವರ ಕಡತವನ್ನು ‘ವಿವರ ಸಾಲದು’ ಎಂದು ಬರೆದು ಹಿಂದಿರುಗಿಸುವುದೇ ಸರಿ.